ಅರ್ಧ ನಿಮಿಷದ ಬೆಲೆ

ಬೆಳಗಿನ ಒಂಬತ್ತೂವರೆ ಗಂಟೆ. ಬೈಲಹೊಂಗಲದಿಂದ ಸವದತ್ತಿಯ ಕಡೆಗೆ ಸಾಗುವ ದಾರಿಯಲ್ಲೊಂದು ಹಳ್ಳಿ. ಶಾಲೆ ರಸ್ತೆಯ ಈ ಬದಿಗೆ. ಊರಿನ ಅರ್ಧ ಮನೆಗಳು ಆ ಬದಿಗೆ. ಪಾಟಿಚೀಲ ಹೆಗಲಿಗೇರಿಸಿದ ತಮ್ಮನ ಕೈಯನ್ನು ಭದ್ರವಾಗಿ ಹಿಡಿದು ಅಕ್ಕ ರಸ್ತೆಯ ಅಂಚಿನಲ್ಲಿ ನಿಂತಿದ್ದಾಳೆ. ಟಮ್‌ಟಮ್ ಹೋಯಿತು, ಬಸ್ಸು ಹೋಯಿತು, ಕಬ್ಬು ಹೇರಿದ ಎರಡು ಟ್ರೇಲರುಗಳನ್ನು ಎಳೆಯುತ್ತ ಟ್ರ್ಯಾಕ್ಟರೂ ಹೋಯಿತು. ಅದರ ಮರೆಯಲ್ಲಿ ಬರುತ್ತಿರುವುದೇನೆಂಬುದು ಅವಳ ಎತ್ತರಕ್ಕೆ ಕಾಣದು. ಅಷ್ಟರಲ್ಲಿ ಶಾಲೆಯ ಗಂಟೆ ಬಾರಿಸುತ್ತದೆ. ತಮ್ಮ ಕೈ ಕೊಸರಿಕೊಳ್ಳುತ್ತಾನೆ.

ಈ ದೃಶ್ಯ ಒಂದೇ ಊರಿನದಲ್ಲ. ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಅದು ನಿತ್ಯದ ನೋಟ. ಹೆಚ್ಚಿನ ದಿನ ಏನೂ ಆಗುವುದಿಲ್ಲ. ದೇವರು ದೊಡ್ಡವನು ಎಂದು ತಾಯಂದಿರು ನಿಟ್ಟುಸಿರು ಬಿಡುತ್ತಾರೆ. ಆದರೆ ಎಲ್ಲವನ್ನೂ ದೇವರ ಮೇಲೆ ಹೊರಿಸುವುದು ನ್ಯಾಯವಲ್ಲ. ವಾಹನದ ವೇಗ ಮನುಷ್ಯನ ಕಾಲಡಿಯಲ್ಲಿದೆ.

ಗಣಿತ ಹೇಳುವ ಮಾತು

ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಓಡುವ ವಾಹನ ಸೆಕೆಂಡಿಗೆ 8 ಮೀಟರಿಗಿಂತ ತುಸು ಹೆಚ್ಚು ದೂರ ಸಾಗುತ್ತದೆ. 60ರ ವೇಗದ್ದು ಸುಮಾರು 17 ಮೀಟರು. ಮಗು ಕಣ್ಣಿಗೆ ಬಿದ್ದು, ಚಾಲಕನ ಕಾಲು ಬ್ರೇಕನ್ನು ಒತ್ತುವುದಕ್ಕೆ ಒಂದು ಸೆಕೆಂಡಾದರೂ ಬೇಕು. ಒಣಗಿದ ಒಳ್ಳೆಯ ರಸ್ತೆಯಲ್ಲಿ 30ರ ವೇಗದ ಕಾರು ಅನಂತರ ಇನ್ನೈದು ಮೀಟರಿನೊಳಗೆ, ಒಟ್ಟು ಸುಮಾರು 13 ಮೀಟರಿಗೆ ನಿಂತುಬಿಡುತ್ತದೆ. 60ರ ವೇಗದ ಕಾರು ನಿಲ್ಲಲು ಸುಮಾರು 36 ಮೀಟರು ಬೇಕು. ಅಂದರೆ, ಮೊದಲನೆಯ ಕಾರು ಸಂಪೂರ್ಣ ನಿಂತ ಜಾಗದಲ್ಲಿ ಎರಡನೆಯದರ ಚಾಲಕ ಇನ್ನೂ ಬ್ರೇಕು ಒತ್ತಿರುವುದೇ ಇಲ್ಲ! ವೇಗ ಇಮ್ಮಡಿಯಾದರೆ ವಾಹನದ ಚಲನೆಯಲ್ಲಡಗಿದ ಶಕ್ತಿ ನಾಲ್ಮಡಿಯಾಗುತ್ತದೆಂಬುದು ಪ್ರೌಢಶಾಲೆಯ ಪಾಠ. ಆ ಶಕ್ತಿಯೆಲ್ಲ ಒಂದು ಎಳೆಯ ಮೈಯ ಮೇಲೆ ಎರಗಿದರೆ ಗತಿಯೇನು?

ಇನ್ನು ನಷ್ಟದ ಲೆಕ್ಕ. ಶಾಲೆಯ ಎದುರಿನ ಅರ್ಧ ಕಿಲೋಮೀಟರನ್ನು 60ರ ವೇಗದಲ್ಲಿ ದಾಟಲು 30 ಸೆಕೆಂಡು ಹಿಡಿಯುತ್ತದೆ. 30ರ ವೇಗದಲ್ಲಿ 60 ಸೆಕೆಂಡು. ವ್ಯತ್ಯಾಸ ಅರ್ಧ ನಿಮಿಷ. ದಾರಿಯಲ್ಲಿ ನಾಲ್ಕು ಶಾಲೆಗಳು ಬಂದರೂ ತಡವಾಗುವುದು ಎರಡೇ ನಿಮಿಷ. ಬಸ್‌ನಿಲ್ದಾಣದಲ್ಲಿ ಒಂದು ಕಪ್ಪು ಚಹ ಆರುವಷ್ಟು ಹೊತ್ತೂ ಅಲ್ಲ.

ಈ ಸೀಮೆಯ ರಸ್ತೆಗಳು

1824ರಲ್ಲಿ ಕಂಪನಿ ಸರಕಾರವನ್ನು ಎದುರಿಸಿದ ರಾಣಿ ಚೆನ್ನಮ್ಮನ ಕಿತ್ತೂರು ಇಂದು ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿದೆ. ಹೆದ್ದಾರಿಯಲ್ಲಿ ಬಹಳ ಹೊತ್ತು ಭರದಿಂದ ಓಡಿಸಿದವನ ಕಣ್ಣು ಆ ಭರಕ್ಕೇ ಪಳಗಿಬಿಡುತ್ತದೆ. ಊರದಾರಿಗೆ ಇಳಿದ ಮೇಲೂ ತಾನು ಮೆಲ್ಲಗೆ ಹೋಗುತ್ತಿರುವೆನೆಂದೇ ಅವನ ಭ್ರಮೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಚಕ್ಕಡಿಗಳು, ಕಾಲ್ನಡಿಗೆಯ ಭಕ್ತರು, ಮೋಟಾರುಗಳು ಒಂದೇ ರಸ್ತೆಯಲ್ಲಿ ಸಾಗುತ್ತವೆ. ಕಬ್ಬಿನ ಹಂಗಾಮಿನಲ್ಲಿ ಹೇರು ಹೊತ್ತ ಟ್ರ್ಯಾಕ್ಟರುಗಳ ಸಾಲು ಬೇರೆ. 2006-07ರಿಂದ ಹಲವು ವರ್ಷ ಸರಕಾರ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲು ಹಂಚಿತು. ಹಳ್ಳಿಯ ಹೆಣ್ಣುಮಗಳು ದೂರದ ಪ್ರೌಢಶಾಲೆಗೆ ಹೋಗುವಂತಾದುದು ಸಂತೋಷದ ಸಂಗತಿಯೇ. ಆದರೆ ಅವಳು ಸೈಕಲ್ಲು ತುಳಿಯುವುದು ಲಾರಿಯ ಪಕ್ಕದಲ್ಲಿಯೇ ಎಂಬುದನ್ನು ಮರೆಯಲಾಗದು.

ಲೋಕ ಕಲಿತ ಪಾಠ

ಇಂಗ್ಲಂಡಿನಲ್ಲಿ 1865ರ ಕಾನೂನು ಯಂತ್ರವಾಹನಕ್ಕೆ ಊರೊಳಗೆ ಗಂಟೆಗೆ ಎರಡೇ ಮೈಲಿನ ಮಿತಿ ಹಾಕಿ, ಮುಂದೆ ಕೆಂಪು ಬಾವುಟ ಹಿಡಿದವನೊಬ್ಬ ನಡೆಯಬೇಕೆಂದು ವಿಧಿಸಿತ್ತು. ಇಂದು ಅದು ನಗೆಗೀಡು. ಆದರೆ 1930ರಲ್ಲಿ ಅದೇ ದೇಶ ಕಾರುಗಳ ಮಿತಿಯನ್ನೇ ಕಿತ್ತೊಗೆಯಿತು. 1934ನೆಯ ಒಂದೇ ವರ್ಷದಲ್ಲಿ ರಸ್ತೆಗಳಲ್ಲಿ 7 ಸಾವಿರಕ್ಕೂ ಹೆಚ್ಚು ಜನ ಸತ್ತರು. 1935ರಲ್ಲಿ ಜನವಸತಿಯ ಬೀದಿಗಳಿಗೆ 30 ಮೈಲಿನ ಮಿತಿ ಮರಳಿ ಬಂದಿತು.

ಜರ್ಮನಿಯ ಬುಕ್ಸ್‌ಟೆಹೂಡೆ ಎಂಬ ಪಟ್ಟಣ 1983ರಲ್ಲಿ 30 ಕಿಲೋಮೀಟರಿನ ವಲಯವನ್ನು ಪ್ರಯೋಗಿಸಿತು. 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ರಾಷ್ಟ್ರಗಳ ಸಮ್ಮೇಳನ, ಪಾದಚಾರಿಗಳೂ ವಾಹನಗಳೂ ಬೆರೆಯುವೆಡೆ 30ರ ಮಿತಿಯೇ ಯೋಗ್ಯವೆಂದು ಸಾರಿತು. 2023ರ ಸೆಪ್ಟೆಂಬರಿನಲ್ಲಿ ವೇಲ್ಸ್ ದೇಶ ಊರೊಳಗಿನ ರಸ್ತೆಗಳಿಗೆ 20 ಮೈಲು, ಎಂದರೆ 32 ಕಿಲೋಮೀಟರು, ಮಿತಿ ಹಾಕಿದಾಗ ವಿರೋಧದ ಮನವಿಗೆ 4 ಲಕ್ಷ 60 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಮಿತಿ ಬಂದ ಮೇಲೆ ಗಾಯಗೊಳ್ಳುವವರ ಸಂಖ್ಯೆ ಇಳಿಯಿತು. ಸರಕಾರವೂ ಕೆಲವು ರಸ್ತೆಗಳ ವಿಷಯವನ್ನು ಸ್ಥಳೀಯರ ವಿವೇಚನೆಗೆ ಬಿಡಲೊಪ್ಪಿತು. ಯಾವ ರಸ್ತೆಗೆ ಯಾವ ವೇಗವೆಂಬುದನ್ನು ಆ ರಸ್ತೆಯ ಜನರೇ ಚೆನ್ನಾಗಿ ಬಲ್ಲರಲ್ಲವೇ?

ಕಾನೂನು ಕೈಯಲ್ಲಿಯೇ ಇದೆ

ನಮ್ಮ ದೇಶದಲ್ಲಿ ಇದಕ್ಕೆ ಹೊಸ ಕಾನೂನು ಬೇಕಿಲ್ಲ. 1988ರ ಮೋಟಾರು ವಾಹನಗಳ ಕಾಯದೆಯ 112ನೆಯ ಕಲಮಿನಂತೆ ರಾಜ್ಯ ಸರಕಾರವಾಗಲಿ, ಅದು ಅಧಿಕಾರ ಕೊಟ್ಟ ಪ್ರಾಧಿಕಾರವಾಗಲಿ ಸಾರ್ವಜನಿಕರ ಸುರಕ್ಷಿತತೆಗಾಗಿ ಯಾವುದೇ ರಸ್ತೆಯ ಮೇಲೆ ವೇಗಮಿತಿಯನ್ನು ಇಳಿಸಿ, ಫಲಕ ನಿಲ್ಲಿಸಬಹುದು. ಒಂದು ತಿಂಗಳಿಗೆ ಮೀರದ ನಿರ್ಬಂಧಕ್ಕಂತೂ ರಾಜಪತ್ರದ ಅಧಿಸೂಚನೆಯೂ ಬೇಡ. ಯಲ್ಲಮ್ಮನ ಜಾತ್ರೆಗೆ, ಕಿತ್ತೂರು ಉತ್ಸವಕ್ಕೆ ಇದಕ್ಕಿಂತ ಸುಲಭದ ದಾರಿ ಇನ್ನಾವುದು?

ಫಲಕಗಳಲ್ಲಿಯೂ ಭೇದವಿದೆ. ಕೆಂಪಂಚಿನ ತ್ರಿಕೋನದಲ್ಲಿ ಮಕ್ಕಳ ಚಿತ್ರವಿದ್ದರೆ ಅದು ಬರಿಯ ಎಚ್ಚರಿಕೆ. ಕೆಂಪಂಚಿನ ವೃತ್ತದಲ್ಲಿ ಅಂಕಿ ಇದ್ದರೆ ಅದು ಆಜ್ಞೆ; ಮೀರಿದವನಿಗೆ ದಂಡ. ತ್ರಿಕೋನವಷ್ಟೇ ಇದ್ದು ವೃತ್ತವಿಲ್ಲದ ಶಾಲೆಯ ಮುಂದೆ ಚಾಲಕನಿಗೆ ಸಿಗುವುದು ಬುದ್ಧಿಮಾತು ಮಾತ್ರ.

ಫಲಕವೊಂದರಿಂದಲೇ ಎಲ್ಲವೂ ಆಗದು. ರಸ್ತೆಯ ಉಬ್ಬು ಬೇಕು. ಅದೂ ಅಳತೆಗೆ ತಕ್ಕಂತೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾದರಿಯ ಉಬ್ಬಿಗೆ 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ. ಸುಮಾರು 25ರ ವೇಗದಲ್ಲಿ ಅದನ್ನು ಸುಖವಾಗಿ ದಾಟಬಹುದು. ಊರವರು ಸಿಟ್ಟಿನಿಂದ ಒಂದೇ ರಾತ್ರಿಯಲ್ಲಿ ಕಟ್ಟುವ ಮೊನಚು ದಿಣ್ಣೆಗೆ ಬಣ್ಣವೂ ಇಲ್ಲ, ಮುನ್ಸೂಚನೆಯೂ ಇಲ್ಲ. ಅದು ಮಗುವನ್ನು ಉಳಿಸಹೋಗಿ ಕತ್ತಲಲ್ಲಿ ಬರುವ ಬೈಕಿನವನನ್ನು ಕೆಡಹುತ್ತದೆ. ಆ ಸಿಟ್ಟು ಸಕಾರಣವಾದುದೇ. ಅದು ಗ್ರಾಮಸಭೆಯ ಠರಾವಾಗಿ, ಶಾಲೆಯ ಅರ್ಜಿಯಾಗಿ ಅಧಿಕಾರಿಗಳ ಮೇಜಿಗೆ ಮುಟ್ಟಿದರೆ ಹೆಚ್ಚು ಫಲ.

ಈ ಸೀಮೆಯ ಮನೆಗಳಲ್ಲಿ ಹೊರಟವರನ್ನು ಬೀಳ್ಕೊಡುವಾಗ ಹಿರಿಯರು, “ಸಾವಕಾಶ ಹೋಗ್ರಿ” ಎನ್ನುತ್ತಾರೆ. ಆ ಮಾತಿನ ಒಡಲಲ್ಲಿ ‘ಅವಕಾಶ’ವಿದೆ. ಮೆಲ್ಲಗೆ ಹೋಗುವುದೆಂದರೆ ಇನ್ನೊಬ್ಬರಿಗೆ ಎಡೆ ಮಾಡಿಕೊಡುವುದು. ರಸ್ತೆಯ ಅಂಚಿನಲ್ಲಿ ನಿಂತ ಆ ಅಕ್ಕ-ತಮ್ಮಂದಿರು ಕೇಳುತ್ತಿರುವುದು ಅಷ್ಟನ್ನೇ: ಆ ಬದಿಯಿಂದ ಈ ಬದಿಗೆ ಬರಲು ಅರ್ಧ ನಿಮಿಷದ ಅವಕಾಶ.