ಉಸಿರು ಕಟ್ಟಿದ ಹೃದಯದಲ್ಲಿ ಕೊಬ್ಬು ಏನಾಗುತ್ತದೆ?

ಹೃದಯಾಘಾತವಾದ ರೋಗಿಗಳ ಬಂಧುಗಳು ವಾರ್ಡಿನ ಹೊರಗೆ ನಿಂತು ಕೇಳುವ ಮಾತೊಂದಿದೆ: "ಡಾಕ್ಟರೇ, ನಮ್ಮ ತಂದೆಯವರು ಸಣಕಲು ದೇಹದವರು. ಮೈಯಲ್ಲಿ ಚೂರೂ ಕೊಬ್ಬಿಲ್ಲ. ಹೃದಯಕ್ಕೆ ಕೊಬ್ಬು ಎಲ್ಲಿಂದ ಬಂತು?" ರಕ್ತನಾಳದ ಗೋಡೆಯಲ್ಲಿ ಕುಳಿತು ದಾರಿ ಕಟ್ಟುವ ಕೊಲೆಸ್ಟರಾಲ್ ತೆಳ್ಳಗಿರುವವರನ್ನೂ ಬಿಡುವುದಿಲ್ಲ, ಬೀಡಿ, ಸಿಗರೇಟು ಸೇದುವವರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಈ ವಿಷಯ ಬಹಳ ಜನರಿಗೆ ತಿಳಿದಿದೆ. ತಿಳಿಯದಿರುವುದು ಇನ್ನೊಂದು: ನಮ್ಮ ಹೃದಯದ ಸ್ನಾಯು ದಿನನಿತ್ಯ ಉರಿಸುವ ಉರುವಲು ಕೂಡ ಮುಖ್ಯವಾಗಿ ಕೊಬ್ಬೇ.

ಹೃದಯವು ದಿನಕ್ಕೆ ಸುಮಾರು 1 ಲಕ್ಷ ಸಲ ಮಿಡಿಯುತ್ತದೆ. ಈ ದುಡಿಮೆಗೆ ಬೇಕಾದ ಶಕ್ತಿಯಲ್ಲಿ ಶೇ. 60ರಿಂದ 70ರಷ್ಟು ರಕ್ತದಲ್ಲಿ ಹರಿದು ಬರುವ ಕೊಬ್ಬಿನ ಆಮ್ಲಗಳಿಂದ ದೊರೆಯುತ್ತದೆ. ಉಳಿದದ್ದು ಗ್ಲೂಕೋಸ್ ಮುಂತಾದವುಗಳಿಂದ. ಕೊಬ್ಬು ಒಳ್ಳೆಯ ಉರುವಲೇ, ಆದರೆ ಅದಕ್ಕೆ ಗಾಳಿ ಹೆಚ್ಚು ಬೇಕು. ಅಷ್ಟೇ ಶಕ್ತಿ ಕೊಡಲು ಅದು ಗ್ಲೂಕೋಸಿಗಿಂತ ಸುಮಾರು ಶೇ. 10ರಷ್ಟು ಹೆಚ್ಚು ಆಮ್ಲಜನಕವನ್ನು ಬೇಡುತ್ತದೆ. ಹೃದಯದ ಕೈಯಲ್ಲಿ ಉಳಿತಾಯವೂ ಇರುವುದಿಲ್ಲ. ದೇಹದ ಇತರ ಭಾಗಗಳು ಸರಾಸರಿ ತಮಗೆ ಬಂದ ಆಮ್ಲಜನಕದ ಕಾಲು ಪಾಲನ್ನು ಮಾತ್ರ ಬಳಸಿದರೆ, ಹೃದಯವು ನಾವು ಸುಮ್ಮನೆ ಮಲಗಿರುವಾಗಲೂ ಶೇ. 70ರಷ್ಟನ್ನು ಹೀರಿಬಿಡುತ್ತದೆ.

ಈಗ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಹರಿವು ನಿಂತಿತೆನ್ನಿ. ಗಾಳಿಯಾಡದ ಒಲೆಯನ್ನು ನೆನಪಿಸಿಕೊಳ್ಳಿ. ಕಟ್ಟಿಗೆ ಇದೆ, ಕೆಂಡವಿದೆ, ಆದರೆ ಉರಿ ಏಳದೆ ಮನೆಯೆಲ್ಲ ಹೊಗೆ. ಹೃದಯದ ಜೀವಕೋಶಗಳಲ್ಲಿ ಆಗುವುದೂ ಇದೇ. ಅರ್ಧಂಬರ್ಧ ಉರಿದ ಕೊಬ್ಬಿನ ಅಂಶಗಳು ಅಲ್ಲೇ ರಾಶಿ ಬೀಳುತ್ತವೆ. ಅವು ಸಾಬೂನಿನಂಥ ಗುಣದವು. ಜೀವಕೋಶದ ಹೊರಪೊರೆಯೂ ಬಹುಪಾಲು ಕೊಬ್ಬಿನಿಂದಲೇ ಆದದ್ದರಿಂದ ಅದನ್ನು ಸಡಿಲಗೊಳಿಸುತ್ತವೆ. ಹೃದಯದ ಲಯ ತಪ್ಪುವುದಕ್ಕೆ ಇದೂ ಒಂದು ಕಾರಣ. ಮಾನಿಟರ್ ಯಂತ್ರವನ್ನು ಹಗಲಿರುಳೂ ಬಿಚ್ಚದೆ ಇಡುವುದು ಈ ಲಯವನ್ನು ಕಾಯುವುದಕ್ಕಾಗಿಯೇ. ಇತ್ತ ಗ್ಲೂಕೋಸ್ ಆಮ್ಲಜನಕವಿಲ್ಲದೆಯೂ ಸ್ವಲ್ಪ ಶಕ್ತಿ ಕೊಡುತ್ತದಾದರೂ ಅದು ಏತಕ್ಕೂ ಸಾಲದು, ಜೊತೆಗೆ ಸ್ನಾಯುವಿನಲ್ಲಿ ಆಮ್ಲೀಯತೆ ಏರುತ್ತದೆ.

ನೋವು ಮತ್ತು ಭಯ ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸುತ್ತವೆ. ಆಗ ಸ್ರವಿಸುವ ಅಡ್ರಿನಲಿನ್ ದೇಹದ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ. ಉರಿಯದ ಒಲೆಗೆ ಮತ್ತಷ್ಟು ಕಟ್ಟಿಗೆ ತುರುಕಿದಂತೆ! ರೋಗಿಯ ಸುತ್ತ ಗುಂಪುಗೂಡಿ ಅಳಬೇಡಿ ಎಂದು ಸಿಸ್ಟರ್ ಗದರಿದರೆ ದಯವಿಟ್ಟು ಬೇಸರಪಡಬೇಡಿ.

ರಕ್ತನಾಳ ಪೂರ್ಣ ಮುಚ್ಚಿದರೆ 20-30 ನಿಮಿಷಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಸುಮಾರು 6 ಗಂಟೆಗಳಲ್ಲಿ ಹೆಚ್ಚಿನ ಹಾನಿ ಮುಗಿದಿರುತ್ತದೆ. ಎದೆ ಹಿಂಡಿದಂತಾಗಿ ಬೆವರು ಕಿತ್ತರೆ ಗ್ಯಾಸ್ ಎಂದು ಸೋಡಾ ಕುಡಿಸುತ್ತ ಕೂರಬೇಡಿ. ರೋಗಿಯನ್ನು ನಡೆಸದೆ 108ಕ್ಕೆ ಕರೆ ಮಾಡಿ.

ಆಂಜಿಯೋಪ್ಲಾಸ್ಟಿಯಿಂದ ದಾರಿ ತೆರೆದ ಮೇಲೂ ಎಕೋ ವರದಿಯಲ್ಲಿ "ಪಂಪಿಂಗ್ ಕಡಿಮೆ" ಎಂದಿರುವುದನ್ನು ಕಂಡು ಗಾಬರಿಯಾಗುವವರುಂಟು. ಮರಳಿ ಬಂದ ಆಮ್ಲಜನಕವನ್ನು ಮೊದಲು ಬಾಚಿಕೊಳ್ಳುವುದು ಕೊಬ್ಬು. ಗ್ಲೂಕೋಸ್ ಹಿಂದೆ ಬೀಳುತ್ತದೆ, ಆಮ್ಲೀಯತೆ ಬೇಗ ಇಳಿಯುವುದಿಲ್ಲ. ಇಂಥ ಹಲವು ಕಾರಣಗಳಿಂದ, ಬದುಕುಳಿದ ಸ್ನಾಯುವೂ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಮಂಕಾಗಿರುತ್ತದೆ. ಎಕೋ ಪರೀಕ್ಷೆಯನ್ನು ಕೆಲವು ವಾರಗಳ ನಂತರ ಮತ್ತೆ ಮಾಡಿಸಲು ಹೇಳುವುದು ಇದಕ್ಕೇ.

ಆಮ್ಲಜನಕದ ಕೊರತೆ ನಿಧಾನವಾಗಿಯೂ ಬರಬಹುದು. ತೀವ್ರ ರಕ್ತಹೀನತೆ ಬಹುಕಾಲ ಉಳಿದರೆ ಉರಿಯದ ಕೊಬ್ಬು ಹೃದಯದ ಸ್ನಾಯುವಿನಲ್ಲಿ ಸಣ್ಣ ಹನಿಗಳಾಗಿ ನಿಲ್ಲುತ್ತದೆ. ಅಂಥ ಹೃದಯದ ಒಳಮೈಯಲ್ಲಿ ಹಳದಿ ಗೆರೆಗಳು ಕಾಣುವುದರಿಂದ ಹಿಂದಿನ ವೈದ್ಯರು ಅದನ್ನು ಹುಲಿಯ ಪಟ್ಟೆಗೆ ಹೋಲಿಸಿದ್ದರು. ಹಿಮೋಗ್ಲೋಬಿನ್ ಕಡಿಮೆಯಿರುವ ತಾಯಂದಿರು ಕಬ್ಬಿಣದ ಮಾತ್ರೆಗಳನ್ನು ನಡುವೆ ನಿಲ್ಲಿಸಬಾರದು.

ಕೊನೆಯದಾಗಿ, "ಹೃದಯಾಘಾತ ಅಂತೀರಿ, ಆಕ್ಸಿಜನ್ ಯಾಕೆ ಹಾಕಿಲ್ಲ?" ಎಂಬ ತಕರಾರು. ಇಲ್ಲಿ ಕೊರತೆ ಇರುವುದು ಸಾಮಾನ್ಯವಾಗಿ ಶ್ವಾಸಕೋಶದಲ್ಲಲ್ಲ, ಮುಚ್ಚಿದ ನಾಳದ ಆಚೆಗೆ. 2017ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಅಧ್ಯಯನದಲ್ಲಿ, ಆಮ್ಲಜನಕದ ಮಟ್ಟ ಸರಿಯಿದ್ದ 6,600ಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದಾಗ, ಮಾಸ್ಕ್ ಹಾಕಿದವರಿಗೂ ಹಾಕದವರಿಗೂ ಒಂದು ವರ್ಷದ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ಮಟ್ಟ ಶೇ. 90ಕ್ಕಿಂತ ಕೆಳಗಿಳಿದರೆ ನೀವು ಕೇಳುವ ಮೊದಲೇ ಹಾಕುತ್ತಾರೆ.