ಜ್ವರ ಇಳಿಯಿತು, ಗೆಣ್ಣು ಬಗ್ಗಲಿಲ್ಲ

2006ರಲ್ಲಿ ಚಿಕೂನ್‌ಗುನ್ಯಾ ಕಲಬುರಗಿ, ಬೀದರ್, ರಾಯಚೂರು ಸೀಮೆಗೆ ನುಗ್ಗಿದಾಗ ಮನೆಮಂದಿಯೆಲ್ಲ ಒಟ್ಟಿಗೆ ಹಾಸಿಗೆ ಹಿಡಿದರು. ಜ್ವರ ವಾರದೊಳಗೆ ಬಿಟ್ಟಿತು. ಆಮೇಲೆ ಉಳಿದದ್ದು ಚೊಂಬು ಎತ್ತಲಾಗದ ಮಣಿಕಟ್ಟು, ರೊಟ್ಟಿ ಬಡಿಯಲು ಬಾರದ ಬೆರಳು, ಬೆಳಗ್ಗೆ ನೆಲಕ್ಕೆ ಊರಲಾಗದ ಹಿಮ್ಮಡಿ. ಆ ವರ್ಷ ದೇಶದಲ್ಲಿ ದಾಖಲಾದ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ 7.5 ಲಕ್ಷದಷ್ಟು ಕರ್ನಾಟಕದವೇ. ಆದರೆ ಆ ಲೆಕ್ಕ ಜ್ವರದ್ದು. ಜ್ವರ ಬಿಟ್ಟ ಮೇಲೆ ಯಾರು ಎಷ್ಟು ತಿಂಗಳು ಕೂಲಿ ಬಿಟ್ಟರು, ಯಾರು ಕಳೆ ತೆಗೆಯಲು ಕೂರಲಾಗದೆ ಮನೆಯಲ್ಲೇ ಉಳಿದರು ಎಂಬುದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ರೋಗವೇನೂ ಹೊಸದಲ್ಲ. ಆಫ್ರಿಕಾದ ಈಗಿನ ಟಾಂಜಾನಿಯಾದಲ್ಲಿ 1952ರಲ್ಲಿ ಮೊದಲು ಗುರುತಿಗೆ ಬಂತು. ನಮ್ಮಲ್ಲಿ 1963ರಲ್ಲಿ ಕೋಲ್ಕತ್ತಾ, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿ ಅದನ್ನು ಕಂಡಿದ್ದವು. ಆಮೇಲೆ ಮೂರು ದಶಕ ಸದ್ದಿಲ್ಲ. ಆ ನಡುವೆ ಹುಟ್ಟಿ ಬೆಳೆದವರ ಮೈಯಲ್ಲಿ ಅದಕ್ಕೆ ತಡೆಶಕ್ತಿಯೇ ಇರಲಿಲ್ಲ. ಜೊತೆಗೆ ನೀರಿನ ಬರ: ನಲ್ಲಿ ಯಾವಾಗ ಬರುತ್ತದೋ ಗೊತ್ತಿಲ್ಲದ ಊರಲ್ಲಿ ಪ್ರತಿ ಮನೆಯ ತೊಟ್ಟಿ, ಡ್ರಮ್ಮುಗಳೂ ಈಡಿಸ್ ಸೊಳ್ಳೆಗೆ ತವರು. 2008ರಲ್ಲಿ ದಕ್ಷಿಣ ಕನ್ನಡದ ಸರದಿ ಬಂದಾಗ ಕಾರಣ ಬೇರೆ. ಅಲ್ಲಿ ರಬ್ಬರ್ ಹಾಲು ಹಿಡಿಯುವ ಗೆರಟೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಇವುಗಳಲ್ಲಿ ನಿಂತ ಮಳೆನೀರೇ ಸಾಕಾಯಿತು.

ವೈರಸ್ ಜ್ವರ ಯಾವುದೇ ಇರಲಿ, ಮೈಕೈ ನೋವು ಬರುತ್ತದೆ. ಫ್ಲೂನಲ್ಲಿ ವೈರಸ್ ಬಹುಮಟ್ಟಿಗೆ ಮೂಗು, ಗಂಟಲು, ಶ್ವಾಸಕೋಶದಲ್ಲೇ ಇರುತ್ತದೆ. ಆದರೂ ತೊಡೆ, ಸೊಂಟ ನೋಯುವುದೇಕೆ? ವೈರಸ್ಸನ್ನು ಎದುರಿಸಲು ದೇಹ ಇಂಟರ್‌ಫೆರಾನ್, ಸೈಟೊಕೈನ್ ಎಂಬ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಅವುಗಳ ಪ್ರಚೋದನೆಯಿಂದ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಮಿದುಳಿನಲ್ಲಿ ಜ್ವರ ಏರಿಸುತ್ತದೆ, ನರದ ತುದಿಗಳನ್ನೂ ಸೂಕ್ಷ್ಮಗೊಳಿಸುತ್ತದೆ. ಜ್ವರಕ್ಕೂ ನೋವಿಗೂ ಒಂದೇ ಪ್ಯಾರಾಸಿಟಮಾಲ್ ಕೆಲಸ ಮಾಡುವ ಗುಟ್ಟು ಇದು. ಈ ನೋವು ಜ್ವರದ ಜೊತೆಗೇ ಬಂದು ಹೆಚ್ಚುಕಡಿಮೆ ಅದರ ಜೊತೆಗೇ ಹೋಗುತ್ತದೆ.

ಚಿಕೂನ್‌ಗುನ್ಯಾ ಹಾಗಲ್ಲ. ಅದರ ವೈರಸ್ ಸ್ನಾಯುವಿಗೂ ಕೀಲಿನ ಒಳಪೊರೆಗೂ ನೇರವಾಗಿ ಇಳಿಯುತ್ತದೆ. ಅದನ್ನು ಅಟ್ಟಲು ಬಂದ ಬಿಳಿ ರಕ್ತಕಣಗಳು ಅಲ್ಲೇ ಬೀಡುಬಿಟ್ಟು ಉರಿಯೂತ ಎಬ್ಬಿಸುತ್ತವೆ. ರಕ್ತದಿಂದ ವೈರಸ್ ವಾರದಲ್ಲಿ ಮಾಯವಾದರೂ ಅದರ ಅಂಶ ಒಬ್ಬ ರೋಗಿಯ ಕೀಲಿನಲ್ಲಿ ಒಂದೂವರೆ ವರ್ಷದ ಮೇಲೂ ಸಿಕ್ಕಿದ್ದುಂಟು. ಎರಡೂ ಕೈ, ಎರಡೂ ಕಾಲಿನ ಸಣ್ಣ ಕೀಲುಗಳಿಗೇ ಪೆಟ್ಟು ಹೆಚ್ಚು; ಎದ್ದ ಕೂಡಲೇ ಮರಗಟ್ಟಿದಂತಿರುವ ಕೈ ಬಿಸಿಲೇರಿದಂತೆ ಸಡಿಲವಾಗುತ್ತದೆ. ಬಹಳ ಜನ ಮೂರು ತಿಂಗಳೊಳಗೆ ಸುಧಾರಿಸುತ್ತಾರೆ. ನಲವತ್ತು ದಾಟಿದವರಿಗೆ, ಹೆಂಗಸರಿಗೆ, ಮೊದಲೇ ಕೀಲುನೋವು ಇದ್ದವರಿಗೆ ವರ್ಷಗಟ್ಟಲೆ ಎಳೆಯುವ ಸಂಭವ ಹೆಚ್ಚು. "ಜ್ವರ ಬಿಟ್ಟು ತಿಂಗಳಾಯಿತು, ಇನ್ನೂ ಏನು ನರಳಾಟ" ಎಂದು ಸೊಸೆಯನ್ನು ಗದರುವ ಮನೆಗಳಿಗೆ ಇಷ್ಟು ತಿಳಿದಿದ್ದರೆ ಒಳ್ಳೆಯದು.

ನೋವು ತಡೆಯಲಾರದೆ ಜನ ಹೋಗುವುದು "ಒಂದು ಸೂಜಿ ಹಾಕಿಬಿಡಿ" ಎಂದು. ನನಗೆ ರೋಗಕ್ಕಿಂತ ಈ ಸೂಜಿಯದೇ ಭಯ. ಮೊದಲ ವಾರದಲ್ಲಿ ಇದು ಚಿಕೂನ್‌ಗುನ್ಯಾವೋ ಡೆಂಗಿಯೋ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಎರಡನ್ನೂ ಹರಡುವುದು ಅದೇ ಸೊಳ್ಳೆ, ಎರಡರಲ್ಲೂ ಮೈ ಮುರಿಯುವ ನೋವು. ಡೆಂಗಿ ಇದ್ದು ಆಸ್ಪಿರಿನ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೊಟ್ಟರೆ ರಕ್ತಸ್ರಾವದ ಅಪಾಯ ಏರುತ್ತದೆ. ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಪ್ಯಾರಾಸಿಟಮಾಲ್ ಸಾಕು, ಅದೂ ವೈದ್ಯರು ಹೇಳಿದ ಅಳತೆಯಲ್ಲಿ. ನೆಗಡಿ ಮಾತ್ರೆಗಳಲ್ಲೂ ಅದೇ ಮದ್ದು ಸೇರಿರುತ್ತದೆ. ಎರಡನ್ನೂ ನುಂಗಿ ಅಳತೆ ಮೀರಿದರೆ ಯಕೃತ್ತಿಗೆ ಕುತ್ತು. ಇನ್ನು ಸ್ಟೀರಾಯ್ಡ್. ಅದು ಬಿದ್ದ ಸಂಜೆಯೇ ರೋಗಿ ಎದ್ದು ಓಡಾಡುತ್ತಾನೆ, ಸೂಜಿ ಹಾಕಿದವರಿಗೆ ಕೈಗುಣವಿದೆ ಎಂಬ ಹೆಸರೂ ಬರುತ್ತದೆ. ಬಿಟ್ಟ ಮೇಲೆ ನೋವು ಮರುಕಳಿಸುತ್ತದೆ, ಸಕ್ಕರೆ ಕಾಯಿಲೆ ಇದ್ದವರ ಸಕ್ಕರೆ ಏರುತ್ತದೆ. ದೀರ್ಘಕಾಲದ ಕೀಲುರಿಯೂತಕ್ಕೆ ಸ್ಟೀರಾಯ್ಡಿಗೂ ಜಾಗವಿದೆ ನಿಜ. ಅದನ್ನು ತಜ್ಞರು ಪರೀಕ್ಷಿಸಿ ಹೇಳಬೇಕು, ಮಾತ್ರೆ ಅಂಗಡಿಯ ಹುಡುಗನಲ್ಲ.

ಜ್ವರ ಇಳಿದ ಮೇಲೆ ತೀರಾ ಮಲಗಿದರೆ ಕೀಲು ಇನ್ನಷ್ಟು ಬಿಗಿಯುತ್ತದೆ. ಮುಷ್ಟಿ ಕಟ್ಟಿ ಬಿಡುವುದು, ಪಾದ ತಿರುಗಿಸುವುದು, ಮನೆಯೊಳಗೆ ನಾಲ್ಕು ಹೆಜ್ಜೆ, ಇಷ್ಟರಿಂದ ಶುರು ಮಾಡಿದರಾಯಿತು. ಕೋವಿಡ್ ನಂತರ ಕೆಲವರಲ್ಲಿ ಕಂಡ ಸುಸ್ತು ಮಾತ್ರ ಬೇರೆ ಜಾತಿಯದು: ಸ್ವಲ್ಪ ದಣಿದರೂ ಮರುದಿನ ಮೇಲೇಳಲಾಗದವರು ಹಟದ ವ್ಯಾಯಾಮಕ್ಕೆ ಹೋಗಬಾರದು.

ಫ್ಲೂ ಇಳಿಯುವ ಹೊತ್ತಿಗೆ ಕೆಲವು ಮಕ್ಕಳಿಗೆ ಮೀನಖಂಡ ಬಿಗಿದು ನಡೆಯಲಾಗುವುದಿಲ್ಲ. ನೋಡಿದವರ ಎದೆ ಒಡೆಯುತ್ತದೆ, ಆದರೆ ಸಾಮಾನ್ಯವಾಗಿ ವಾರದಲ್ಲಿ ತಾನಾಗಿ ಸರಿಹೋಗುತ್ತದೆ; ವೈದ್ಯರಿಗೆ ಒಮ್ಮೆ ತೋರಿಸಿ. ದೊಡ್ಡವರಾಗಲಿ ಮಕ್ಕಳಾಗಲಿ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಅಪಾಯ ಬಂದಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ. ಕೀಲಿನ ಊತ ಮೂರು ತಿಂಗಳು ದಾಟಿದರೆ ಸಂಧಿವಾತ ತಜ್ಞರನ್ನು ಕಾಣಬೇಕು. ಹೋಗುವಾಗ ಜ್ವರದ ದಿನಗಳ ರಕ್ತ ಪರೀಕ್ಷೆಯ ಚೀಟಿ ಜೊತೆಗಿರಲಿ. ಚಿಕೂನ್‌ಗುನ್ಯಾ ಬಿಟ್ಟುಹೋದ ಕೀಲುನೋವೂ ರುಮಟಾಯ್ಡ್ ಸಂಧಿವಾತವೂ ನೋಡಲು ಒಂದೇ ತರಹ. ಬೇರೆ ಮಾಡಲು ವೈದ್ಯರಿಗೆ ಆ ಚೀಟಿ ಬೇಕಾಗುತ್ತದೆ.