ಚೌಕ ಎಣಿಸಿ, ಆಮೇಲೆ ದಾರ ಕೊಳ್ಳಿ

ಬೆಳಗಿನ ಹಾಲು ಡೇರಿಗೆ ಹಾಕಿ, ಕೊಟ್ಟಿಗೆ ಕೆಲಸ ಮುಗಿಸಿದ ಮೇಲೆ ಸಂಜೆ ಹಾಲು ಕರೆಯುವವರೆಗೆ ನಿಮಗೆ ಸಿಗುವ ಬಿಡುವು ಹೆಚ್ಚೆಂದರೆ ಒಂದೆರಡು ಗಂಟೆ. ಆ ಹೊತ್ತಿನಲ್ಲಿ ನಿಮ್ಮಲ್ಲಿ ಹಲವರು ಕಸೂತಿ, ಕ್ರಾಸ್ ಸ್ಟಿಚ್ ಹಾಕುತ್ತೀರಿ. ಬಾಗಿಲಿಗೆ ತೋರಣ, ಮಗಳ ಮದುವೆಗೆ ದಿಂಬಿನ ಕವರು ಮಾಡುತ್ತೀರಿ. ಕೆಲವರು ಆರ್ಡರ್ ಹಿಡಿದು ನಾಲ್ಕು ಕಾಸು ಸಂಪಾದಿಸುವುದೂ ಉಂಟು. ಆದರೆ ತಿಂಗಳುಗಟ್ಟಲೆ ಹಾಕಿದ ಮೇಲೆ ನವಿಲು ಫ್ರೇಮಿಗೆ ಹಿಡಿಸುವುದಿಲ್ಲ, ದಾರ ಅರ್ಧಕ್ಕೇ ಮುಗಿಯುತ್ತದೆ, ಇಲ್ಲವೇ ಸಿಕ್ಕ ದುಡ್ಡಿನಲ್ಲಿ ಕೂಲಿಯೇ ಗಿಟ್ಟುವುದಿಲ್ಲ. ಇದಕ್ಕೆಲ್ಲ ಬಹಳ ಸಲ ಕಾರಣ ಒಂದೇ. ಬಟ್ಟೆಯ ಎಣಿಕೆ, ಅಂದರೆ ಕೌಂಟ್, ನೋಡದೆ ಕೊಂಡಿರುತ್ತೇವೆ.

ಎಣಿಕೆ ನಮಗೆ ಹೊಸದಲ್ಲ

ಧಾರವಾಡ ಸೀಮೆಯ ಕಸೂತಿ ಪೂರ್ತಿ ಎಣಿಕೆಯ ಕೆಲಸ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಇಳಕಲ್ ಸೀರೆಯ ಎಳೆಗಳನ್ನು ಎಣಿಸುತ್ತಲೇ ಆನೆ, ತೇರು, ತುಳಸಿಕಟ್ಟೆ ಮೂಡಿಸುತ್ತಾರೆ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೆಂತಿ ಎಂದರೆ ಕ್ರಾಸ್ ಸ್ಟಿಚ್ಚೇ. ಸೀರೆಯ ಸಣ್ಣ ಎಳೆ ಎಣಿಸಲು ಕಣ್ಣು ಚುರುಕಾಗಿರಬೇಕು. ಮ್ಯಾಟಿ ಬಟ್ಟೆಯಲ್ಲಿ ಎಳೆಗಳು ಗುಂಪಾಗಿ ನೇಯ್ದು ಚೌಕಗಳೇ ಎದ್ದು ಕಾಣುವುದರಿಂದ ಕಲಿಯುವವರಿಗೆ ಅದು ಸುಲಭ.

ಕೌಂಟ್ ಎಂದರೇನು?

ಒಂದು ಇಂಚಿನಲ್ಲಿ ಎಷ್ಟು ಚೌಕಗಳಿವೆಯೋ ಅದೇ ಆ ಬಟ್ಟೆಯ ಕೌಂಟ್. 11, 14, 16, 18 ಕೌಂಟಿನ ಬಟ್ಟೆಗಳು ಹೆಚ್ಚು ಬಳಕೆಯಲ್ಲಿವೆ. ಸಂಖ್ಯೆ ಹೆಚ್ಚಾದಂತೆ ಚೌಕ ಸಣ್ಣದು. ಬಿಡಿಯಾಗಿ ಕತ್ತರಿಸಿ ಕೊಡುವ ಬಟ್ಟೆಯ ಮೇಲೆ ಸಂಖ್ಯೆ ಬರೆದಿರದಿದ್ದರೆ ನೀವೇ ಎಣಿಸಿ. ಸ್ಕೇಲ್ ಇಟ್ಟು 2 ಇಂಚಿಗೆ ಎರಡು ಗುಂಡುಪಿನ್ನು ಚುಚ್ಚಿ, ನಡುವಿನ ಚೌಕ ಎಣಿಸಿ ಅರ್ಧ ಮಾಡಿ. ಉದ್ದಕ್ಕೂ ಅಡ್ಡಕ್ಕೂ ಎಣಿಸಬೇಕು. ಎರಡೂ ಒಂದೇ ಬರದಿದ್ದರೆ ಹಾಕಿದ ನವಿಲು ಉದ್ದುದ್ದ ಅಥವಾ ಕುಳ್ಳಗೆ ಕಾಣುತ್ತದೆ. ಅಂಥ ಬಟ್ಟೆ ಬೇಡ.

ಅಳತೆಯ ಲೆಕ್ಕ

ನಕ್ಷೆಯ ಚೌಕಗಳನ್ನು ಕೌಂಟಿನಿಂದ ಭಾಗಿಸಿದರೆ ಇಂಚು ಸಿಗುತ್ತದೆ. 56 ಚೌಕ ಅಗಲ, 42 ಚೌಕ ಎತ್ತರದ ನವಿಲು 14 ಕೌಂಟಿನಲ್ಲಿ 4 ಇಂಚು ಅಗಲ, 3 ಇಂಚು ಎತ್ತರ ಬರುತ್ತದೆ. ಅದೇ ನವಿಲು 11 ಕೌಂಟಿನಲ್ಲಿ 5 ಇಂಚಿಗಿಂತ ತುಸು ಹೆಚ್ಚು ಅಗಲವಾಗುತ್ತದೆ, 18ರಲ್ಲಿ ಸುಮಾರು 3 ಇಂಚಿಗೆ ಇಳಿಯುತ್ತದೆ. ಮಡಚಿ ಹೊಲಿಯಲು, ಫ್ರೇಮ್ ಹಾಕಲು ನಾಲ್ಕೂ ಕಡೆ 2ರಿಂದ 3 ಇಂಚು ಹೆಚ್ಚು ಬಟ್ಟೆ ಬಿಡಿ.

ಆರ್ಡರ್ ಹಿಡಿಯುವವರು ಇನ್ನೊಂದು ಲೆಕ್ಕ ಮಾಡಲೇಬೇಕು. 10 ಇಂಚು ಉದ್ದ, 10 ಇಂಚು ಅಗಲದ ಜಾಗವನ್ನು ಪೂರ್ತಿ ತುಂಬಿಸಬೇಕು ಎನ್ನಿ. 11 ಕೌಂಟಿನಲ್ಲಿ 12,100 ಹೊಲಿಗೆ, 14ರಲ್ಲಿ 19,600, 18ರಲ್ಲಿ 32,400. ದಿಂಬಿನ ಅಳತೆ ಒಂದೇ, ದುಡಿಮೆ ಮಾತ್ರ ಎರಡೂವರೆ ಪಟ್ಟಿಗಿಂತ ಹೆಚ್ಚು. ಹಾಲಿನ ಚೀಟಿಯಲ್ಲಿ ಫ್ಯಾಟ್ ನೋಡದೆ ನೀವು ದರ ಒಪ್ಪುವುದಿಲ್ಲ. ಇಲ್ಲಿಯೂ ಕೌಂಟ್ ನೋಡದೆ ದರ ಒಪ್ಪಬೇಡಿ. ಸಂಜೆ ದೀಪದ ಬೆಳಕಿನಲ್ಲಿ ಹಾಕುವವರಿಗೆ, ಚಾಳೀಸು ಬಂದವರಿಗೆ 11 ಅಥವಾ 14 ಕೌಂಟೇ ಒಳ್ಳೆಯದು.

ಎಷ್ಟು ಎಳೆ ದಾರ?

ಕಸೂತಿ ದಾರದ ಒಂದು ಲಡಿ ಸಾಮಾನ್ಯವಾಗಿ 8 ಮೀಟರ್ ಇರುತ್ತದೆ. ಆ ದಾರದಲ್ಲಿ 6 ಎಳೆಗಳಿರುತ್ತವೆ. ಆರನ್ನೂ ಒಟ್ಟಿಗೆ ಪೋಣಿಸಬಾರದು. 11 ಕೌಂಟಿಗೆ 3 ಎಳೆ, 14 ಮತ್ತು 16ಕ್ಕೆ 2 ಎಳೆ, 18ಕ್ಕೆ 1 ಅಥವಾ 2 ಎಳೆ. ಗವಂತಿಯಂಥ ಗೆರೆಯ ಹೊಲಿಗೆಗೆ 14 ಕೌಂಟಿನಲ್ಲಿ ಒಂದೇ ಎಳೆ ಸಾಕು. ಎಳೆ ಕಡಿಮೆಯಾದರೆ ಹೊಲಿಗೆಯ ನಡುವೆ ಬಟ್ಟೆ ಇಣುಕುತ್ತದೆ. ಹೆಚ್ಚಾದರೆ ತೂತು ಅಗಲವಾಗಿ ಬಟ್ಟೆ ಸುಕ್ಕುಗಟ್ಟುತ್ತದೆ. ಆದ್ದರಿಂದ ಮೊದಲು ಬಟ್ಟೆಯ ಮೂಲೆಯಲ್ಲಿ ಉದ್ದ 10, ಅಡ್ಡ 10 ಚೌಕ ಹಾಕಿ ನೋಡಿ.

ದಾರವನ್ನು ಒಂದು ಮೊಳದಷ್ಟು, ಅಂದರೆ ಸುಮಾರು 18 ಇಂಚು ಕತ್ತರಿಸಿ. ಉದ್ದ ಹೆಚ್ಚಾದರೆ ಸಿಕ್ಕಾಗುತ್ತದೆ, ಉಜ್ಜಿ ಉಜ್ಜಿ ನವಿರೇಳುತ್ತದೆ. ಎಳೆಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಬೇಕಾದಷ್ಟನ್ನು ಜೋಡಿಸಿ ಪೋಣಿಸಿ.

ಎಷ್ಟು ಲಡಿ ಬೇಕು?

8 ಮೀಟರಿನ ಲಡಿಯಲ್ಲಿ ಮೊಳದುದ್ದದ 17 ತುಂಡು ಸಿಗುತ್ತವೆ. ಎರಡೆಳೆಯಂತೆ ಪೋಣಿಸಿದರೆ ಒಂದು ತುಂಡಿಗೆ 3 ಸಲ, ಒಟ್ಟು 51 ಸಲ. ಒಮ್ಮೆ ಪೋಣಿಸಿದ್ದರಲ್ಲಿ ಎಷ್ಟು ಹೊಲಿಗೆ ಬಂತೆಂದು ಎಣಿಸಿ, 51ರಿಂದ ಗುಣಿಸಿ. ಒಂದು ಲಡಿಗೆ ಎಷ್ಟು ಹೊಲಿಗೆ ಎಂಬುದು ನಿಮ್ಮ ಕೈಯ ಲೆಕ್ಕದಲ್ಲೇ ಸಿಗುತ್ತದೆ. ಒಂದು ಬಣ್ಣಕ್ಕೆ ಬೇಕಾದ ಲಡಿಗಳನ್ನೆಲ್ಲ ಒಂದೇ ಸಲ ಕೊಳ್ಳಿ. ಬಣ್ಣದ ನಂಬರು ಒಂದೇ ಆದರೂ ಆಮೇಲೆ ತಂದ ಲಡಿಯ ಬಣ್ಣ ತುಸು ಬೇರೆ ಬರಬಹುದು. ನಂಬರಿನ ಚೀಟಿಯನ್ನು ಎಸೆಯಬೇಡಿ.

ಶುರು ಮಾಡುವ ಮುನ್ನ

• ಕೆಂಪು, ಕಪ್ಪು, ಕಡುನೀಲಿ ದಾರದ ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿ. ಬಣ್ಣ ಹತ್ತಿದರೆ ಆ ದಾರ ಬೇಡ.
• ಒಗೆದು ಬಳಸುವ ವಸ್ತುವಾದರೆ ಹತ್ತಿಬಟ್ಟೆಯನ್ನು ಮೊದಲೇ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ. ಒಗೆದ ಮೇಲೆ ಮತ್ತೊಮ್ಮೆ ಚೌಕ ಎಣಿಸಿ.
• ಮೊಂಡು ತುದಿಯ ಸೂಜಿ ಬಳಸಿ. ಅದು ಬಟ್ಟೆಯ ಎಳೆ ಸೀಳುವುದಿಲ್ಲ. 11 ಕೌಂಟಿಗೆ 22, 14ಕ್ಕೆ 24, 18ಕ್ಕೆ 26 ನಂಬರಿನ ಸೂಜಿ ಸರಿಹೋಗುತ್ತದೆ.
• ಚೌಕ ಕಾಣದ ರೇಷ್ಮೆ ಸೀರೆ, ಕುಪ್ಪಸದ ಬಟ್ಟೆಗೆ ಎಳೆ ಬಿಡಿಸಿ ತೆಗೆಯಬಹುದಾದ ಕ್ಯಾನ್ವಾಸ್ ಬಟ್ಟೆಯನ್ನು ಮೇಲೆ ಟಾಕು ಹಾಕಿ ಹೊಲಿಯಿರಿ. ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ. ಆಗ ಕ್ಯಾನ್ವಾಸಿನ ಕೌಂಟೇ ನಿಮ್ಮ ಲೆಕ್ಕ.
• ಗಂಟು ಹಾಕಬೇಡಿ, ಮೇಲೆ ಉಬ್ಬುತ್ತದೆ. ದಾರದ ತುದಿಯನ್ನು ಹಿಂಬದಿಯ ಹೊಲಿಗೆಗಳ ಅಡಿ ತೂರಿಸಿ. ಮೇಲೆ ಬರುವ ಓರೆ ಹೊಲಿಗೆಗಳೆಲ್ಲ ಒಂದೇ ದಿಕ್ಕಿಗೆ ಇರಲಿ.
• ಕೆಚ್ಚಲಿಗೆ ಹಚ್ಚುವ ಎಣ್ಣೆ, ತೊಟ್ಟು ಅದ್ದುವ ಅಯೋಡಿನ್ ದ್ರಾವಣ ಬಿಳಿ ಬಟ್ಟೆಗೆ ಕಲೆ ಮಾಡುತ್ತವೆ. ಸೋಪಿನಿಂದ ಕೈ ತೊಳೆದು, ಒರೆಸಿಕೊಂಡು ಕೂತುಕೊಳ್ಳಿ.

ಮುಂದಿನ ಸಲ ಅಂಗಡಿಗೆ ಹೋಗುವಾಗ ನಕ್ಷೆ, ಸ್ಕೇಲು, ಎರಡು ಗುಂಡುಪಿನ್ನು ಜೊತೆಗಿರಲಿ. ಕೌಂಟ್, ಅಳತೆ, ಎಳೆ, ಲಡಿ ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ದುಡ್ಡು ಕೊಡಿ. ಆರ್ಡರಿನ ಕೆಲಸವಾದರೆ ಒಟ್ಟು ಹೊಲಿಗೆ ಎಷ್ಟೆಂದೂ ಅದರಲ್ಲೇ ಬರೆದಿಡಿ. ಗಿರಾಕಿ ಚೌಕಾಸಿಗೆ ಇಳಿದಾಗ ಆ ಚೀಟಿ ತೋರಿಸಿಯೇ ಮಾತಾಡಿ.